ಐದು ಸೆಕೆಂಡಿಗೆ ಮೂರು ಬಸ್ಸು

ಆ ಮನುಷ್ಯ ತೀರಿಕೊಂಡ ಸುದ್ದಿ ಕೂಡ ನನಗೆ ಸಲೀಸಾಗಿ ಸಿಗಲಿಲ್ಲ. ಫೋನ್ ಮಾಡಿದ್ದು ಅವರ ಮಗ. ನಮ್ಮ ಹೊಲಿಗೆ ಲೈನಿನಲ್ಲಿ ಮಿಷನ್ನುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ನಾನು ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದಕ್ಕೆ ಫೋನ್ ಒತ್ತಿಕೊಂಡರೆ, ಆತ "ಸೋಮವಾರ ಮುಂಜಾನಿ ಎದ್ರಿ, ಚಾ ಕುಡದ್ರಿ" ಎಂದು ಶುರುಮಾಡಿದ. ಚಹಾ ಆದ ಮೇಲೆ ಹೊಲದ ಕಡೆ ಹೋದದ್ದು, ವಾಪಸು ಬಂದದ್ದು, ರೇಡಿಯೋ ಕೆಟ್ಟದ್ದು, ಅದನ್ನು ಬಿಚ್ಚಿ ಹರಡಿಕೊಂಡು ಕೂತದ್ದು ಎಲ್ಲ ಬಂತು. ಈಗ ಹೇಗಿದ್ದಾರಪ್ಪ ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಆತ ನಿಲ್ಲಿಸಿ, ಮತ್ತೆ ಸೋಮವಾರದ ಚಹಾದಿಂದ ಹಿಡಿದ. ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಕತೆ ಬುಧವಾರಕ್ಕೆ ತಲುಪಿತು. ಎದೆ ನೋವು ಬಂದಿತ್ತು, ಬಳ್ಳಾರಿ ಮುಟ್ಟುವ ಮೊದಲೇ ದಾರಿಯಲ್ಲಿ ಹೋಗಿಬಿಟ್ಟಿದ್ದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ತಾವು ಹೋಗುವಾಗ ತಮ್ಮ ಚಾಳಿಯನ್ನು ಮಗನಿಗೆ ಕೊಟ್ಟು ಹೋಗಿದ್ದಾರಲ್ಲ ಎಂದು.

ಹೆಸರು ಬರೆಯುವುದಿಲ್ಲ. ಬರೆದರೆ ಇನಿಷಿಯಲ್ ಬಿಟ್ಟಿದ್ದೀರಲ್ಲ ಎಂದು ಅಲ್ಲಿಂದಲೂ ಕೇಳುವ ಮನುಷ್ಯ. ರಾಯದುರ್ಗದ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಎದುರಿಗೆ ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ರಿವೈಂಡಪ್ಪ. ಊರೆಲ್ಲ ಜೀನ್ಸ್ ಹೊಲಿದು ಬದುಕುವಾಗ ಅವರು ಮಾತ್ರ ಇಸ್ತ್ರಿ ಗೆರೆ ಮುರಿಯದ ಟೆರಿಕಾಟ್ ಪ್ಯಾಂಟು ಹಾಕಿಕೊಂಡು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬರುತ್ತಿದ್ದರು. ಒಂದು ಪೆನ್ನು ಬರೆಯದಿದ್ದರೆ ಇನ್ನೊಂದು ಇರಲಿ ಎಂದು. ಒಂದು ಪೆನ್ನು ಬರೆಯದ ದಿನವನ್ನು ನಾನು ನೋಡಿಲ್ಲ.

ನಾನು ಮಡಕಶಿರದ ಕಡೆಯ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದು, ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಇಲ್ಲಿ ಪ್ಯಾಂಟಿನ ಹಿಂದಿನ ಜೇಬು ಕೂರಿಸುವ ಲೈನಿಗೆ ನನ್ನನ್ನು ಸೂಪರ್‌ವೈಸರ್ ಮಾಡಿದರು. ಇಪ್ಪತ್ತೆರಡು ಹೆಂಗಸರು. ಲೈನಿನ ತಲೆಯ ಕಡೆ ಒಂದು ಕರಿ ಬೋರ್ಡು, ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ: ಗಂಟೆಗೆ ಒಬ್ಬೊಬ್ಬಳು ಎಷ್ಟು ಪೀಸು ಹೊಲಿಯಬೇಕು ಎನ್ನುವ ಟಾರ್ಗೆಟ್. ಅದನ್ನು ಮುಟ್ಟಿಸುವುದು ನನ್ನ ಕೆಲಸ. ಮುಟ್ಟದವರ ಹೆಸರನ್ನು ತಿಂಗಳ ಕೊನೆಗೆ ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ಕೊಡುವುದೂ ನನ್ನ ಕೆಲಸವೇ. ಆ ಹಾಳೆಗೆ ಹೋದ ಹೆಸರು ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ಇರುತ್ತಿರಲಿಲ್ಲ.

ಆ ಅಂಕಿ ಬರುತ್ತಿದ್ದುದು ಈ ಮನುಷ್ಯನ ಕೋಣೆಯಿಂದ. ಮೊದಲು ಅವರು ಊರಿನ ಒಂದು ಕೇಬಲ್ ಟೀವಿ ಆಫೀಸಿನಲ್ಲಿದ್ದರು. ಮದುವೆ ವಿಡಿಯೋ, ಅಂಗಡಿಗಳ ಜಾಹೀರಾತು, ಯಾರದೋ ಗೃಹಪ್ರವೇಶ, ಎಲ್ಲವನ್ನೂ ಒಂದೇ ಕಂಪ್ಯೂಟರಿನಿಂದ ಓಡಿಸುತ್ತಿದ್ದರಂತೆ. ಆ ಆಫೀಸು ಮುಚ್ಚಿದ ಮೇಲೆ ನಮ್ಮ ಮಾಲೀಕರು ಅವರನ್ನು ಕ್ಯಾಮೆರಾ ಕಂಪ್ಯೂಟರು ಸಮೇತ ಕರೆತಂದರು. ಹೆಂಗಸರು ಹೊಲಿಯುವುದನ್ನು ವಿಡಿಯೋ ಮಾಡಬೇಕು, ಒಂದು ಪೀಸಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಅದರಿಂದ ತೆಗೆಯಬೇಕು. ಅದನ್ನೇ ಭಾಗಿಸಿದರೆ ಟಾರ್ಗೆಟ್.

ಕಟಿಂಗ್ ಕೋಣೆಯ ಪಕ್ಕ ಪ್ಲೈವುಡ್ ಹೊಡೆದು ಅವರಿಗೊಂದು ಗೂಡು ಮಾಡಿಕೊಟ್ಟಿದ್ದರು. ಆ ಕಂಪ್ಯೂಟರಿಗೆ ಮೌಸ್ ಇರಲಿಲ್ಲ. ಕೆಟ್ಟಿದೆಯೇನೋ, ಹೊಸದು ತರಿಸೋಣ ಎಂದು ನಾನು ಒಳ್ಳೆಯ ಮನಸ್ಸಿನಿಂದಲೇ ಕೇಳಿದೆ. "ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲದೋರಿಗೆ ಮೌಸ್ ಬೇಕ್ರಿ ಅಕ್ಕಾರ" ಎಂದರು. ಪರದೆಯ ಮೇಲೆ ಒಂದು ಕರಿ ಕಿಟಕಿ, ಅದರಲ್ಲಿ ಬಿಳಿ ಅಕ್ಷರ. ಅವರು ಅಲ್ಲಿ ಒಂದುದ್ದ ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಪಕ್ಕದಲ್ಲಿ ವಿಡಿಯೋ ತೆರೆದುಕೊಂಡು ಓಡುತ್ತಿತ್ತು. ಅದರ ಮೇಲೆ ಒತ್ತಲು ಗುಂಡಿಯಿಲ್ಲ, ಎಳೆಯಲು ಪಟ್ಟಿಯಿಲ್ಲ. ಓಡುತ್ತಿರುವ ವಿಡಿಯೋವನ್ನು ಹಿಡಿಯುವುದೆಲ್ಲ ಕರಿ ಕಿಟಕಿಯಿಂದಲೇ. ಎಡದ ಬಾಣ ಒತ್ತಿದರೆ ಹತ್ತು ಸೆಕೆಂಡು ಹಿಂದೆ, ಬಲದ್ದಕ್ಕೆ ಹತ್ತು ಸೆಕೆಂಡು ಮುಂದೆ, ಮೇಲಿನದಕ್ಕೆ ಒಂದು ನಿಮಿಷ. ಅಂಕಿ ಹೊಡೆದು ಎಂಟರ್ ಒತ್ತಿದರೆ ನೇರ ಆ ಸೆಕೆಂಡಿಗೇ ಜಿಗಿತ. ಕೆಳಗಿನ ಸಾಲಿನಲ್ಲಿ ಸೆಕೆಂಡು ಓಡುತ್ತಲೇ ಇರುತ್ತಿತ್ತು. ಎಂಟರ್ ಒತ್ತುವ ಮೊದಲು ಅವರು ಎಡಗೈ ಎತ್ತಿ ನಮ್ಮನ್ನೆಲ್ಲ ಟ್ರಾಫಿಕ್ ಪೊಲೀಸಿನಂತೆ ತಡೆದು, ಉಸಿರು ಬಿಗಿಹಿಡಿದು, ಬಲಗೈ ತೋರುಬೆರಳನ್ನು ಗುಂಡಿಯ ಮೇಲೆ ಗಾಳಿಯಲ್ಲಿ ನಿಲ್ಲಿಸುತ್ತಿದ್ದರು. ಆ ಬೆರಳು ಇಳಿಯುವವರೆಗೆ ಯಾರೂ ಕೆಮ್ಮುವಂತಿಲ್ಲ. ಒಮ್ಮೆ ನನ್ನ ಊಟದ ಡಬ್ಬಿಯನ್ನು ಮರೆತು ಅವರ ಕೀಬೋರ್ಡಿನ ಮೇಲಿಟ್ಟೆ. ವಿಡಿಯೋದ ಹೆಂಗಸು ಜೇಬು ಹೊಲಿಯುವುದು ಬಿಟ್ಟು ಮುಂದಕ್ಕೂ ಹಿಂದಕ್ಕೂ ಚಿಮ್ಮತೊಡಗಿದಳು. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನನಗದು ಒಳ್ಳೆಯ ವಾರವಾಗಿತ್ತು.

ಮಾತಿಗೆ ಕೂತರೂ ಅದೇ ಬುದ್ಧಿ. ನೀವು ಏನೋ ಹೇಳುತ್ತ ಮುಂದೆ ಹೋಗಿರುತ್ತೀರಿ, ಅವರು ಗಾಳಿಯಲ್ಲಿ ಎಡಕ್ಕೆ ಬೆರಳಾಡಿಸಿ, ಸ್ವಲ್ಪ ಹಿಂದಕ್ಕೆ ಬರ್ರಿ, ಅಲ್ಲಿ ನೀವು ಮಂಗಳವಾರ ಅಂದ್ರಿ, ಅದಕ್ಕೂ ಮುಂಚೆ ಸೋಮವಾರ ಅಂದಿದ್ರಿ, ಯಾವುದು ಖರೆ ಎನ್ನುತ್ತಿದ್ದರು. ಚಹಾದವನು ಲೋಟ ತುಂಬಲು ನಲವತ್ತೊಂದು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದು ಅವರಿಗೆ ಗೊತ್ತಿತ್ತು, ಅದನ್ನು ಚಹಾದವನಿಗೂ ಹೇಳಿದ್ದರು. ನಾನು ಬಾಗಿಲಿನಿಂದ ನನ್ನ ಲೈನಿಗೆ ನಡೆದು ಬರುವುದು ಎಷ್ಟು ಹೊತ್ತು ಎಂದು ಹೇಳಲು ಬಂದಾಗ ಮಾತ್ರ ನಾನು ಬಾಯಿ ಬಿಟ್ಟು ಬೈದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೈದದ್ದು ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕಿರಬೇಕು.

ಅವರಿಗೆ ಇದ್ದ ಒಂದೇ ಜಂಬವೆಂದರೆ ಆ ಜಿಗಿತ. ಅವರ ಅಳತೆಯ ಕ್ರಮ ಹೀಗಿತ್ತು. ಮೊದಲೊಮ್ಮೆ ವಿಡಿಯೋವನ್ನು ಎಲ್ಲಿಯೂ ಜಿಗಿಯದೆ ನೋಡಿ, ಒಂದೊಂದು ಪೀಸು ಯಾವ ಸೆಕೆಂಡಿಗೆ ಶುರುವಾಗುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಆಮೇಲೆ ಆ ಅಂಕಿ ಹೊಡೆದು ಅಲ್ಲಿಗೆ ಜಿಗಿದು, ಪೀಸು ಮುಗಿಯುವಾಗ ಕೆಳಗಿನ ಸಾಲಿನ ಅಂಕಿ ನೋಡುವುದು. ಕಳೆದರೆ ಆ ಪೀಸಿನ ಸಮಯ. ಒಂದೊಂದು ಪೀಸಿಗೂ ಮೂರು ಮೂರು ಸಲ ಜಿಗಿತ. "ಯಾವ ಸೆಕೆಂಡು ಬೇಕು ಹೇಳ್ರಿ, ಅಲ್ಲಿಗೆ ಇಳಸ್ತೀನಿ" ಎನ್ನುವುದು ಅವರ ಮಾತು. ಹೀಗೆ ಇಳಿಸಿ ಇಳಿಸಿ ನನ್ನ ಲೈನಿಗೆ ಅವರು ತೆಗೆದದ್ದು ಪೀಸಿಗೆ ನಲವತ್ತೈದು ಸೆಕೆಂಡು. ಬೋರ್ಡಿನ ಮೇಲೆ ಗಂಟೆಗೆ ಎಂಬತ್ತು.

ಎಂಬತ್ತು ಯಾರಿಗೂ ಸಲೀಸಾಗಿ ಬರುತ್ತಿರಲಿಲ್ಲ. ಕೈ ಚುರುಕಿದ್ದವರು ಊಟದ ಹೊತ್ತಿನಲ್ಲಿ ಅರ್ಧ ತಿಂದು ಬಂದು ತುಂಬಿಸುತ್ತಿದ್ದರು. ಉಳಿದವರು ನೀರು ಕುಡಿಯುವುದು ಕಡಿಮೆ ಮಾಡಿದರು, ಎದ್ದು ಹೋಗುವುದು ತಪ್ಪಲಿ ಎಂದು. ನಾನು ಲೈನಿನ ಉದ್ದಕ್ಕೂ ಓಡಾಡುತ್ತ ಎಂಬತ್ತು ಎಂಬತ್ತು ಎಂದು ಕೂಗುತ್ತಿದ್ದೆ. ಆ ಅಂಕಿಯ ಮೇಲೆ ನನಗೆ ಅನುಮಾನ ಬರಲಿಲ್ಲ. ಬೈದುಕೊಳ್ಳುತ್ತಿದ್ದರೂ ಒಳಗೊಳಗೆ ಅವರ ಕಾಟದ ಮೇಲೆಯೇ ನನಗೆ ನಂಬಿಕೆ. ಇಷ್ಟು ಪೀಡಿಸುವ ಮನುಷ್ಯ ತಪ್ಪು ಮಾಡಲು ಸಾಧ್ಯವೇ ಎಂದುಕೊಂಡಿದ್ದೆ.

ಆ ಲೈನಿನಲ್ಲಿ ರತ್ನ ಇದ್ದಳು. ನಮ್ಮ ಕಡೆಯವಳು, ಬೆಂಗಳೂರಿನಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿದವಳು. ಅಲ್ಲಿಯ ಕೆಲಸ ಬಿಟ್ಟು ಮಡಕಶಿರದ ಹತ್ತಿರ ಗಂಡನ ಮನೆಗೆ ಹೋಗಿದ್ದವಳನ್ನು ನಾನೇ ಕರೆಸಿ, ನಮ್ಮ ಓಣಿಯಲ್ಲೇ ಒಂದು ಕೋಣೆ ನೋಡಿಕೊಟ್ಟಿದ್ದೆ. ಅವಳ ಹೊಲಿಗೆ ಬಿಚ್ಚಿ ಹೊಲಿಸುವ ಪ್ರಸಂಗವೇ ಬಂದದ್ದಿಲ್ಲ. ಆದರೆ ಗಂಟೆಗೆ ಎಪ್ಪತ್ತೊಂದು, ಎಪ್ಪತ್ತೆರಡು, ಅಷ್ಟೇ. ಮೂರು ತಿಂಗಳು ನೋಡಿದೆ. ನಾಲ್ಕನೆಯ ತಿಂಗಳು ಹಾಳೆಯಲ್ಲಿ ಅವಳ ಹೆಸರು ಬರೆದೆ. ಹೋಗುವ ದಿನ ಅವಳು ಜಗಳ ಆಡಲಿಲ್ಲ. "ನಾನು ಸುಮ್ಕೆ ಕೂರ್ತಿರ್ಲಿಲ್ಲ ಕಣಕ್ಕ, ನೀನೇ ನೋಡ್ತಿದ್ದೆ" ಎಂದಳು. ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಮಿಷನ್ ಎಣಿಸಿದ್ದು, ನಾನೇನು ಮಾಡಲಿ ಎಂದೆ.

ಎರಡು ತಿಂಗಳ ಮೇಲೆ ಅದೇ ಹಾಳೆಗೆ ಹನುಮಕ್ಕನ ಹೆಸರು ಬರುವುದರಲ್ಲಿತ್ತು. ಹನುಮಕ್ಕ ಲೈನಿಗೆಲ್ಲ ಹಿರಿಯಳು, ರಾಯದುರ್ಗದವಳೇ, ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಅವಳು ರತ್ನನ ಹಾಗಲ್ಲ. ನನ್ನ ಮುಂದೆ ಬಂದು ನಿಂತು, ಆ ಸಿನಿಮಾದಲ್ಲಿ ನಾನೂ ಇದ್ದೀನಲ್ಲ, ಒಂದು ಸಲ ತೋರಿಸಿ ಆಮೇಲೆ ಹೆಸರು ಬರೆಯಿರಿ ಎಂದಳು. ಹೊಲಿಯುವವರಿಗೆ ವಿಡಿಯೋ ತೋರಿಸಬೇಕು ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಅವಳ ಬಾಯಿ ಮುಚ್ಚಿಸಿದ ಹಾಗಾಗುತ್ತದೆ ಎಂದು ಊಟದ ಹೊತ್ತಿನಲ್ಲಿ ಪ್ಲೈವುಡ್ ಗೂಡಿಗೆ ಕರೆದುಕೊಂಡು ಹೋದೆ.

ಈ ಮನುಷ್ಯನಿಗೆ ಹಿಗ್ಗೋ ಹಿಗ್ಗು. ಯಾವ ಪೀಸು ಬೇಕು ಎಂದು ಕೇಳಿ ನಾಲ್ಕನೆಯದಕ್ಕೆ ಇಳಿಸಿದರು. ಹನುಮಕ್ಕನ ಕೈ ಜೇಬು ಹೊಲಿಯುತ್ತಿತ್ತು. ಐದನೆಯದಕ್ಕೆ ಇಳಿಸಿದರು, ಆರನೆಯದಕ್ಕೆ ಇಳಿಸಿದರು. ಹನುಮಕ್ಕ ಡಬ್ಬಿ ಹಿಡಿದುಕೊಂಡೇ ನೋಡಿದಳು.

"ಸಾರ್, ಇದ್ರಾಗ ನಾನು ಬಗ್ಗೋದು ಎಲ್ಲೈತ್ರಿ?" ಎಂದಳು.

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ಪೀಸು ನೆಲದ ಮ್ಯಾಲೆ ಟ್ರೇದಾಗ ಇರ್ತಾವಲ್ರಿ. ಬಗ್ಗಿ ತಗೊಂಡು, ಸೀದಾ ಉಲ್ಟಾ ನೋಡಿ, ಅಂಚು ಕೂಡಿಸಿ ಆಮ್ಯಾಲೆ ಮಿಷನ್ನಿಗೆ ಇಡ್ತೀನಿ. ಇಲ್ಲಿ ನೋಡಿದ್ರ ಬಟ್ಟಿ ತಾನ ಬಂದು ನನ್ನ ಕೈಯಾಗ ಕುಂತೈತಿ. ದಿನಾ ಸೊಂಟ ಹಿಡಕೊಂಡು ಮನಿಗೆ ಹೋಗಾಕಿ ನಾನು. ಆ ಬಗ್ಗಿದ್ದು ಎಲ್ಲಿ ಹೋತು?"

ಅವರು ನಕ್ಕರು. ಒಂದು ಸೆಕೆಂಡು ಹಿಂದಕ್ಕೆ ಹೋದರೆ ಸಿಗುತ್ತದೆ ಎಂದು ಅಂಕಿ ಹೊಡೆದರು. ಅದೇ ಚಿತ್ರ, ಕೈಯಲ್ಲಿ ಬಟ್ಟೆ. ಎರಡು ಸೆಕೆಂಡು ಹಿಂದೆ ಹೊಡೆದರು. ಅದೇ ಚಿತ್ರ. ಮೂರು, ನಾಲ್ಕು, ಐದು, ಅದೇ ಬಟ್ಟೆ ಅದೇ ಕೈ. ಕೆಳಗಿನ ಸಾಲಿನಲ್ಲಿ ಮಾತ್ರ ಅವರು ಹೊಡೆದ ಅಂಕಿಯೇ ಬರುತ್ತಿತ್ತು. ಇನ್ನೂ ಹಿಂದೆ ಹೋದಾಗ ಒಮ್ಮೆಲೇ ಹಿಂದಿನ ಪೀಸೇ ಬಂದುಬಿಟ್ಟಿತು. ಬಗ್ಗುವ ಹನುಮಕ್ಕ ಎರಡರ ನಡುವೆ ಎಲ್ಲಿಯೂ ಇರಲಿಲ್ಲ. ಅವರ ಬೆರಳು ಗಾಳಿಯಲ್ಲೇ ನಿಂತಿತು, ಇಳಿಯಲಿಲ್ಲ. ನೀವು ಹೋಗಿ ಉಂಡು ಬರ್ರಿ ಎಂದು ನಮ್ಮನ್ನು ಕಳಿಸಿದರು.

ಮೂರು ದಿನ ಅವರು ಗೂಡಿನಿಂದ ಹೊರಗೆ ಬರಲಿಲ್ಲ. ಚಹಾದವನಿಗೂ ಸಮಯ ಹೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಲೈನಿನ ತಲೆಯ ಕಡೆ ಬಂದು ಬೋರ್ಡಿನ ಪಕ್ಕ ನಿಂತುಕೊಂಡರು. ನೋಡಿದವರು ನೋಡಿದ ಹಾಗೆ ಮಿಷನ್ ನಿಲ್ಲಿಸುತ್ತ ಹೋದರು. ಕೆಲಸ ನಿಂತಿತು ಎಂದು ನನಗೆ ಜೀವ ಹೋಗುತ್ತಿತ್ತು. ಅವರಿಗೆ ಅವಸರವಿಲ್ಲ. ವಿಡಿಯೋ ಫೈಲಿನಲ್ಲಿ ಪ್ರತಿ ಸೆಕೆಂಡಿಗೂ ಪೂರ್ತಿ ಚಿತ್ರ ಇರುವುದಿಲ್ಲವಂತೆ. ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ, ನಡುವೆ ಏನು ಬದಲಾಯಿತು ಎನ್ನುವಷ್ಟು ಮಾತ್ರ. ಸುಮ್ಮನೆ ಓಡಲು ಬಿಟ್ಟರೆ ಎಲ್ಲ ಕಾಣುತ್ತದೆ. ಜಿಗಿ ಎಂದರೆ ಪೂರ್ತಿ ಚಿತ್ರ ಇರುವ ಕಡೆಗೆ ಮಾತ್ರ ಜಿಗಿಯುತ್ತದೆ.

"ನಮ್ಮೂರು ಹಿರೇಹಾಳಿನ ಈಚೆ ಐತ್ರಿ" ಎಂದರು. "ಎಕ್ಸ್‌ಪ್ರೆಸ್ ಬಸ್ಸಿನಾಗ ಕಂಡಕ್ಟರ್ ಟಿಕೆಟಿನ ಮ್ಯಾಲೆ ನಮ್ಮೂರಿನ ಹೆಸರ ಬರೀತಾನ. ಆದ್ರ ಬಸ್ ನಮ್ಮೂರಾಗ ನಿಲ್ಲಂಗಿಲ್ಲ, ಮುಂದ ಹಿರೇಹಾಳಿನಾಗ ಇಳಸ್ತಾನ. ನಾನು ಇಷ್ಟು ದಿನ ಟಿಕೆಟ್ ನೋಡೀನಿ, ಇಳದ ಊರು ನೋಡಿಲ್ರಿ. ಪ್ರತಿ ಪೀಸಿನಾಗ ಐದು ಸೆಕೆಂಡು ಮುಂದ ಇಳದೀನಿ. ನೀವು ಬಗ್ಗಿದ್ದೆಲ್ಲ ಆ ಐದು ಸೆಕೆಂಡಿನಾಗ ಹೋಗೈತಿ. ತಪ್ಪು ಮಿಷನ್ನಿಂದಲ್ರಿ. ಡಿಸ್ಕ್ ಸಣ್ಣದೈತಿ, ಪೂರ್ತಿ ಚಿತ್ರ ಕಡಿಮಿ ಇಡು ಅಂತ ಅದಕ್ಕ ಹೇಳಿದಾವ ನಾನ. ತಪ್ಪು ನಂದು."

ಎಂಬತ್ತನ್ನು ಕೈಯಿಂದಲೇ ಒರೆಸಿ, ಎಪ್ಪತ್ತೆರಡು ಎಂದು ಬರೆದು, ಟೆರಿಕಾಟ್ ಪ್ಯಾಂಟಿಗೆ ಸೀಮೆಸುಣ್ಣ ತಾಗದ ಹಾಗೆ ಕೈ ದೂರ ಹಿಡಿದುಕೊಂಡು ಗೂಡಿಗೆ ಹೋದರು.

ಎಪ್ಪತ್ತೆರಡು. ರತ್ನ ಹೊಲಿಯುತ್ತಿದ್ದುದು ಅಷ್ಟೇ. ನನ್ನ ಸಿಟ್ಟು ಎಷ್ಟಿತ್ತೆಂದರೆ ಆ ಬೋರ್ಡನ್ನೇ ಕಿತ್ತು ಅವರ ತಲೆಯ ಮೇಲೆ ಹಾಕಬೇಕು ಎನಿಸಿತು. ಚಹಾದವನ ನಲವತ್ತೊಂದು ಸೆಕೆಂಡು ಗೊತ್ತಿದ್ದ ಮನುಷ್ಯನಿಗೆ ಇಪ್ಪತ್ತೆರಡು ಹೆಂಗಸರು ದಿನವಿಡೀ ಬಗ್ಗುವುದು ಗೊತ್ತಾಗಲಿಲ್ಲ. ಆದರೆ ಅವರಾದರೂ ಗೂಡಿನಲ್ಲಿ ಕೂತಿದ್ದವರು. ನಾನು ಲೈನಿನಲ್ಲೇ ಓಡಾಡುತ್ತಿದ್ದೆ. ಅವರೆಲ್ಲ ಬಗ್ಗುವುದನ್ನು ದಿನವೂ ಕಣ್ಣಾರೆ ನೋಡಿ, ಬೋರ್ಡಿನ ಅಂಕಿಯನ್ನು ನಂಬಿದ್ದೆ.

ಮಾಲೀಕರು ಬಂದು ಎಪ್ಪತ್ತೆರಡನ್ನು ಒರೆಸಿ ಎಂಬತ್ತು ಬರೆಸಿದರು. ಮಾರನೆಯ ದಿನ ಇವರು ಬಂದು ಮತ್ತೆ ಎಪ್ಪತ್ತೆರಡು ಬರೆದರು. ಮೂರು ದಿನ ಇದೇ ನಾಟಕ. ಕೊನೆಗೆ ಮಾಲೀಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿ, ಲೈನು ನಡೆಸುವವಳು ನೀನು, ಯಾವುದು ಸರಿ ಎಂದು ನನ್ನನ್ನೇ ಕೇಳಿದರು. ಆ ಹೊತ್ತಿಗೆ ನನಗೆ ಎರಡು ಮಕ್ಕಳು, ಗಂಡನ ಕೆಲಸ ಇದ್ದರೂ ಇಲ್ಲದ ಹಾಗೆ. ಆದರೂ ಎಪ್ಪತ್ತೆರಡೇ ಸರಿ ಎಂದೆ. ಮಾಲೀಕರು, ಹೋಗಲಿ ಎಪ್ಪತ್ತೈದು ಮಾಡೋಣ ಎಂದರು. ನನಗೆ ಕೈಮುಗಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಈ ಮನುಷ್ಯ "ಸೆಕೆಂಡಿನಾಗ ಚೌಕಾಸಿ ಇಲ್ರಿ ಸಾವ್ಕಾರ್ರ" ಎಂದುಬಿಟ್ಟರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಯಾಕ ತುಳೀತೀರಿ ಎಂದು ಗಟ್ಟಿಯಾಗಿ ಕೇಳಿದರು.

ಮಾಲೀಕರು ವ್ಯಾಪಾರಸ್ಥರು. ಬಗ್ಗುವುದರಿಂದ ತಾನೆ ಇಷ್ಟೆಲ್ಲ ತಕರಾರು, ಬಗ್ಗುವುದೇ ಬೇಡ ಎಂದರು. ಎರಡು ದಿನದಲ್ಲಿ ಬಡಗಿ ಬಂದು ಒಂದೊಂದು ಮಿಷನ್ನಿನ ಎಡಕ್ಕೆ ಸೊಂಟದ ಎತ್ತರಕ್ಕೆ ಒಂದು ಹಲಗೆ ಹೊಡೆದ. ಟ್ರೇ ನೆಲದಿಂದ ಹಲಗೆಗೆ ಏರಿತು. ಎಂಬತ್ತು ಎಂಬತ್ತಾಗಿಯೇ ಉಳಿಯಿತು. ನಾವೆಲ್ಲ ಇಷ್ಟಕ್ಕೇ ತೃಪ್ತರು. ಹನುಮಕ್ಕನ ಹೆಸರು ಹಾಳೆಗೆ ಹೋಗಲಿಲ್ಲ, ಅವಳು ಸೊಂಟ ಹಿಡಿದುಕೊಳ್ಳದೆ ಮನೆಗೆ ಹೋದಳು. ಇವರು ಮಾತ್ರ ಮತ್ತೆ ಕ್ಯಾಮೆರಾ ತಂದು, ಈ ಸಲ ಎಲ್ಲಿಯೂ ಜಿಗಿಯದೆ ಇಡೀ ವಿಡಿಯೋ ನೋಡಿ, ನಲವತ್ತಾರು ಸೆಕೆಂಡು ಬರುತ್ತದೆ, ಆದ್ದರಿಂದ ಎಪ್ಪತ್ತೆಂಟು ಎಂದು ಹೋಗಿ ಹೇಳಿದರು. ಮಾಲೀಕರಿಗೆ ಸಾಕಾಗಿಹೋಗಿತ್ತು, ಏನಾದರೂ ಬರೆದುಕೋ ಎಂದರಂತೆ. ಬೋರ್ಡಿಗೆ ಎಪ್ಪತ್ತೆಂಟು ಬಂತು.

ಅಲ್ಲಿಂದ ಅವರು ಜಿಗಿಯುವುದನ್ನು ಬಿಟ್ಟರು. ನಮಗೆ ಹೊಸ ಕಾಟ ಶುರುವಾಯಿತು. ಯಾವ ವಿಡಿಯೋ ಆದರೂ ಮೊದಲಿಂದ, ಯಾವ ಮಾತಾದರೂ ಮೊದಲಿಂದ. ನಡುವೆ ಯಾರಾದರೂ ಬಾಯಿ ಹಾಕಿದರೆ ಮತ್ತೆ ಮೊದಲಿಂದ. ಅವರು ಗೂಡಿನಿಂದ ಹೊರಬಂದರೆ ಸಾಕು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತೆಲುಗಿನಲ್ಲಿ "ಮಳ್ಳೀ ಮೊದಟಿಕಿ" ಎಂದು ನಗುತ್ತಿದ್ದರು, ಮತ್ತೆ ಮೊದಲಿಗೆ ಬಂತು ಎಂದು.

ಆ ದಿನಗಳಲ್ಲೇ ಒಂದು ಶನಿವಾರ ನನ್ನ ಹತ್ತಿರ ಬಂದು, ತಮ್ಮ ಅಂಕಿಯಿಂದ ಯಾರಾದರೂ ಕೆಲಸ ಕಳೆದುಕೊಂಡಿದ್ದಾರೇನು ಎಂದು ಕೇಳಿದರು. ಒಬ್ಬಳು ಎಂದೆ. ಈಗ ಯಾವ ಊರಿನಲ್ಲಿದ್ದಾಳೆ ಎಂದರು. ಮಡಕಶಿರದ ಹತ್ತಿರ ಗಂಡನ ಮನೆಗೆ ವಾಪಸು ಹೋಗಿದ್ದಾಳೆ ಎಂದು ಹೇಳಿದೆ. ಹೋಗಿ ಹೇಳಿ ಬರಬೇಕು ಎಂದರು. ಅವಳು ಹೋಗಿ ಎರಡು ತಿಂಗಳ ಮೇಲಾಯಿತು, ಹಾಜರಿ ಪುಸ್ತಕದಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಿದ್ದಾಳೆ, ಈಗ ಹೋಗಿ ಏನು ಮಾಡುತ್ತೀರಿ ಎಂದು ನಾನು ರೇಗಿದೆ. ಅವರಿಗೆ ರೇಗಿದ್ದು ಮುಟ್ಟುವುದಿಲ್ಲ.

"ಬರ್ರಿ ಅಕ್ಕಾರ, ನಿಮ್ಮ ಕಡೀ ಊರು. ಇಬ್ರೂ ಹೋಗೋಣು."

ಭಾನುವಾರ ಬಟ್ಟೆ ಒಗೆಯಬೇಕು ಎಂದೆ. ಅವರು ಒಬ್ಬರೇ ಹೋದರು. ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಪಾವಗಡಕ್ಕೆ ಒಂದು, ಪಾವಗಡದಿಂದ ಮಡಕಶಿರಕ್ಕೆ ಇನ್ನೊಂದು, ಆಮೇಲೆ ನಡಿಗೆ. ಯಾರಿಂದಲೋ ಎರವಲು ತಂದ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಹೋದರೆಂದು ಆಮೇಲೆ ಯಾರೋ ಹೇಳಿದರು. ಸೋಮವಾರ ನನ್ನನ್ನು ನೋಡಿ "ತೋರಿಸಿ ಬಂದೆ" ಎಂದರು, ಅಷ್ಟೇ. ಎಲ್ಲವನ್ನೂ ಮೊದಲಿಂದ ಹೇಳುವ ಮನುಷ್ಯ ಅದೊಂದನ್ನು ಮಾತ್ರ ಎರಡು ಪದದಲ್ಲಿ ಮುಗಿಸಿದರು. ನಾನೂ ಕೇಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.

ಫೋನಿನಲ್ಲೇ ಎಲ್ಲ ಅಳೆಯುವ ಕಾಲ ಬಂದಾಗ ಅವರ ಗೂಡು ಬಿಚ್ಚಿದರು. ಹೋಗುವ ದಿನ ಲೈನಿನ ಉದ್ದಕ್ಕೂ ನಡೆದು ಬಂದು, ಇಪ್ಪತ್ತೆರಡು ಹಲಗೆಗಳನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿ, "ಇವನ್ನ ತಗೀಲಾಕ ಬಿಡಬ್ಯಾಡ್ರಿ" ಎಂದು ನನಗೆ ಹೇಳಿ ಊರಿಗೆ ಹೋದರು.

ಮಣ್ಣಾದ ಮೂರನೆಯ ದಿನ ನಾನು ಅವರ ಊರಿಗೆ ಹೋದೆ. ಎಕ್ಸ್‌ಪ್ರೆಸ್ಸೇ ಸಿಕ್ಕಿತು. ಹಿರೇಹಾಳಿನಲ್ಲಿ ಇಳಿಸಿದರು, ಬಿಸಿಲಿನಲ್ಲಿ ಬೈದುಕೊಳ್ಳುತ್ತ ಹಿಂದಕ್ಕೆ ನಡೆದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತವರು, "ಆ ಮಡಕಶಿರದ ಹೆಣ್ಣಮಗಳಿಗೆ ಗೊತ್ತಾತೇನ್ರಿ?" ಎಂದು ಕೇಳಿದರು. ಯಾವಾಗಲೂ ಆಕೆಯ ಮಾತು ತೆಗೆಯುತ್ತಿದ್ದರಂತೆ. ಗೊತ್ತಿಲ್ಲ, ಹೇಳುತ್ತೇನೆ ಎಂದೆ. ಹಾಗೆ ಹೇಳಿದ ಮೇಲೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮುಂದಿನ ಭಾನುವಾರ ಅದೇ ಮೂರು ಬಸ್ಸು ಹತ್ತಿದೆ. ರತ್ನ ಕೆಲಸ ಬಿಟ್ಟು ಆಗ ಏಳು ವರ್ಷ.

ರತ್ನನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು. ಅವು ಬಕಾಸುರನ ಹಾಗೆ ಸೊಪ್ಪು ತಿನ್ನುವ ಹೊತ್ತು ಅದು, ಮನೆಯವರಿಗೆ ಕೂತು ಮಾತಾಡುವಷ್ಟು ಪುರುಸೊತ್ತು ಇರುವುದಿಲ್ಲ. ಅವಳು ನನ್ನನ್ನು ನೋಡಿ, ಬಾರಕ್ಕ ಎಂದಳು, ಕೈ ನಿಲ್ಲಿಸಲಿಲ್ಲ. ಸುದ್ದಿ ಹೇಳಿದೆ. ಆಗ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಆವತ್ತು ಆ ಅಣ್ಣ ಬಂದದ್ದೂ ಇಂಥದೇ ಹೊತ್ತಿನಲ್ಲಿ ಎಂದಳು.

ಹುಳು ಹಸಿದಿವೆ ಎಂದರೂ ಕೇಳದೆ ಅವಳ ಅತ್ತೆಯನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡರಂತೆ. ನಲವತ್ತು ನಿಮಿಷದ ವಿಡಿಯೋ. ಇವಳು ಬಗ್ಗುವ ಒಂದು ಕಡೆ ತೋರಿಸಿದರೆ ಸಾಕಿತ್ತು. ಇಲ್ಲ, ಮೊದಲಿಂದ. ಅತ್ತೆ ಸೊಪ್ಪು ಹಾಕಲು ಎದ್ದರೆ ವಿಡಿಯೋ ನಿಲ್ಲಿಸಿ, ಅವರು ಬಂದು ಕೂತ ಮೇಲೆ ಮುಂದುವರಿಸುವುದು. ರತ್ನ ಬಗ್ಗಿದಾಗಲೆಲ್ಲ ಪರದೆಗೆ ಬೆರಳಿಟ್ಟು, ನೋಡ್ರಿ ಇಲ್ಲಿ ಬಗ್ಗಿದಳು ಎನ್ನುವುದು. ಆಮೇಲಾಮೇಲೆ ಅತ್ತೆಯೇ ಅವರಿಗಿಂತ ಮೊದಲು, ಬಗ್ಗಿದ್ಳು ನೋಡು ಎನ್ನತೊಡಗಿದರಂತೆ. ಎಲ್ಲ ಮುಗಿದ ಮೇಲೆ ಎದ್ದು ನಿಂತು, ಈಕೆ ನಿಧಾನ ಅಲ್ಲ, ನನ್ನ ಲೆಕ್ಕ ತಪ್ಪಿತ್ತು ಎಂದು ಆ ಇಬ್ಬರಿಗೂ ಕೈಮುಗಿದರಂತೆ.

"ನಾನು ನಿಧಾನ ಅಲ್ಲ ಅಂತ ನನ್ಗೆ ಗೊತ್ತಿತ್ತು ಕಣಕ್ಕ" ಎಂದಳು ರತ್ನ. "ಗೊತ್ತಿಲ್ದಿದ್ದು ಈ ಮನೆಯೋರ್ಗೆ. ಕೆಲ್ಸದಿಂದ ತೆಗೆದಾಕವ್ರೆ ಅಂತ ಬಂದಾಗ್ನಿಂದ, ಅನ್ನಕ್ಕಿಟ್ರೂ ನಿಧಾನ, ನೀರು ತಂದ್ರೂ ನಿಧಾನ. ಆವತ್ತಿಂದ ಆ ಮಾತು ನಿಂತೋಯ್ತು."

ಹಸಿದ ಹುಳುಗಳ ಮುಂದೆ ನಲವತ್ತು ನಿಮಿಷ ಯಾಕೆ ಎನ್ನುವುದು ಆಗ ನನಗೆ ತಿಳಿಯಿತು.

ರತ್ನ ಇನ್ನೊಂದು ಮಾತು ಹೇಳಿದಳು. "ಅಕ್ಕಂಗೆ ಬಟ್ಟೆ ಒಗೆಯೋದಿತ್ತಂತೆ, ಮುಂದಿನ ಭಾನ್ವಾರ ಬತ್ತಾಳೆ ಅಂತ ಹೇಳೋಗಿದ್ರು."

ನಾನು ಹಾಗೆ ಹೇಳಿರಲಿಲ್ಲ. ಚಹಾದ ನಲವತ್ತೊಂದು ಸೆಕೆಂಡನ್ನು ನಲವತ್ತು ಎನ್ನದ ಮನುಷ್ಯ, ಜೀವಮಾನದಲ್ಲಿ ಆಡಿದ ಒಂದು ಸುಳ್ಳನ್ನು ನನ್ನ ಮಾನ ಉಳಿಸಲು ಆಡಿದ್ದರು. ಅದನ್ನು ನಿಜ ಮಾಡಲು ನನಗೆ ಏಳು ವರ್ಷ ಬೇಕಾಯಿತು. ನನಗೆ ತುಂಬ ನಾಚಿಕೆಯಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಆ ಹಾಳೆಯಲ್ಲಿ ನಿನ್ನ ಹೆಸರು ಬರೆದವಳು ನಾನು ರತ್ನ ಎಂದಷ್ಟೇ ಹೇಳಿದೆ.

"ನಿನ್ನ ಅಕ್ಷರ ನನ್ಗೆ ಗೊತ್ತಿಲ್ವ ಅಕ್ಕ" ಎಂದಳು ಅವಳು. "ಬತ್ತಾಳೆ ಅಂತ ಹೇಳಿದ್ರಲ್ಲ, ಬಂದ್ಯಲ್ಲ ಬಿಡು. ಹುಳ ಹಸ್ದವೆ, ಆ ಸೊಪ್ಪು ಇತ್ಲಾಗೆ ಕೊಡು."

ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ನನ್ನ ಕಾಲ ಹತ್ತಿರ ನೆಲದ ಮೇಲಿತ್ತು. ನಾನು ಬಗ್ಗಿ ಎತ್ತಿಕೊಟ್ಟೆ. ಸಂಜೆಯ ಬಸ್ಸಿನವರೆಗೂ ಹಾಗೆಯೇ ಬಗ್ಗಿ ಬಗ್ಗಿ ಕೊಡುತ್ತಿದ್ದೆ.